ಹಂಚಿನೊಳಗಿನ ಕಪ್ಪು ಗೆರೆ

ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ನಮ್ಮ ಹಳೆಯ ಮನೆಯ ಮಾಡು ಬಿಚ್ಚಿಸಿದೆವು. ಪಕ್ಕಾಸು, ರೀಪುಗಳಿಗೆಲ್ಲ ಗೆದ್ದಲು ಹಿಡಿದಿತ್ತು. ಹಂಚುಗಳನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಅಂಗಳದಲ್ಲಿ ಸಾಲಾಗಿ ಒರಗಿಸುತ್ತಿದ್ದಾಗ ಒಂದು ಜಾರಿ ಬಿದ್ದು ಎರಡು ಹೋಳಾಯಿತು. ಹೆಕ್ಕಿ ನೋಡಿದೆ. ಮೇಲೆ ಕೆಂಪು, ಕೆಳಗೆ ಕೆಂಪು, ನಡುವೆ ಪೆನ್ಸಿಲಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ.

“ಅದು ಸರಿ ಬೇಯದ ಹಂಚು ಸರ್, ಬಿಸಾಡಿ” ಅಂದರು ಬಡಗಿ ಆಚಾರ್ರು.

ಬಿಸಾಡಲು ಮನಸ್ಸಾಗಲಿಲ್ಲ. ನನ್ನ ಅಜ್ಜ ಮಂಗಳೂರಿನ ಜೆಪ್ಪು ಕಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದವರು. ಹೊಳೆ ಬದಿಯಿಂದ ದೋಣಿಯಲ್ಲಿ ಬಂದ ಜೇಡಿಯನ್ನು ಬುಟ್ಟಿಗೆ ತುಂಬಿ ಮೇಲೆ ತರುವುದು ಅವರ ಕೆಲಸ. ತರುವಾಗ ಕಪ್ಪು, ಒಣಗಿದರೆ ಬೂದಿ, ಬೆಂದರೆ ಕೆಂಪು ಎನ್ನುತ್ತಿದ್ದರು ಆ ಮಣ್ಣನ್ನು. ಬಣ್ಣ ಯಾಕೆ ಹಾಗೆ ಬದಲಾಗುತ್ತದೆ ಎಂದು ನಾನು ಅವರನ್ನು ಕೇಳಲೇ ಇಲ್ಲ. ಕೇಳಿದ್ದು ನಲವತ್ತು ವರ್ಷ ತಡವಾಗಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು. ನಾನು ಇತಿಹಾಸದ ಮೇಷ್ಟ್ರು, ರಸಾಯನಶಾಸ್ತ್ರದ ಸಹವಾಸವನ್ನು ಪಿಯುಸಿಯಲ್ಲೇ ಮುಗಿಸಿದವನು. ಅವಳು ಕಡಲ ತಳದ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ.

ಹೋಳನ್ನು ತಿರುಗಿಸಿ ನೋಡಿ ಅವಳು ಹೇಳಿದ್ದಿಷ್ಟು. ಹೊಳೆಯ ಜೇಡಿಯಲ್ಲಿ ಕೊಳೆತ ಎಲೆ, ಬೇರು, ಹುಲ್ಲು ಎಲ್ಲ ಸೇರಿರುತ್ತದೆ. ಭಟ್ಟಿಯ ಬೆಂಕಿಗೆ ಅದು ಸುಟ್ಟು ಹೊಗೆಯಾಗಿ ಹೋಗುತ್ತದೆ, ಮಣ್ಣಿನ ಕಬ್ಬಿಣಕ್ಕೆ ಗಾಳಿ ತಾಗಿ ಕೆಂಪೇರುತ್ತದೆ. ಬೆಂಕಿ ಅವಸರದ್ದಾದರೆ ಹಂಚಿನ ನಡುಭಾಗಕ್ಕೆ ಗಾಳಿ ತಲುಪುವುದಿಲ್ಲ. ಅಲ್ಲಿ ಇಂಗಾಲ ಸುಡದೆ ಉಳಿಯುತ್ತದೆ, ಕಬ್ಬಿಣವೂ ಕೆಂಪಾಗುವುದಿಲ್ಲ. ಆ ಗೆರೆ ಅದೇ. “ನಾವು ಲ್ಯಾಬಿನಲ್ಲಿ ಮಾಡುವುದೂ ಇದನ್ನೇ ಸರ್. ಕೆಸರನ್ನು ಒಣಗಿಸಿ ತೂಗುವುದು, 550 ಡಿಗ್ರಿಯಲ್ಲಿ ಸುಡುವುದು, ಮತ್ತೆ ತೂಗುವುದು. ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಸಾವಯವ ವಸ್ತು ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ನಿಮ್ಮ ಅಜ್ಜನವರ ಕಾರ್ಖಾನೆಯಲ್ಲಿ ತೂಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.”

ಅವಳ ಸಂಶೋಧನೆಯ ಪ್ರಶ್ನೆ ಕೇಳಲು ಸರಳ: ಊರು ಬೆಳೆದ ಹಾಗೆ ಕರಾವಳಿಯ ಕೆಸರಿನಲ್ಲಿರುವ ಸಾವಯವ ಇಂಗಾಲಕ್ಕೆ ಏನಾಗುತ್ತದೆ? ಊರು ದೊಡ್ಡದಾದರೆ ಕೊಳಚೆ ಹೆಚ್ಚು, ಕೊಳಚೆ ಹೆಚ್ಚಾದರೆ ಕೆಸರಿನಲ್ಲಿ ಇಂಗಾಲ ಹೆಚ್ಚು, ಇದರಲ್ಲಿ ತಿಳಿಯಲಿಕ್ಕೆ ಎಂತ ಉಂಟು ಎಂದು ನಾನು ನಕ್ಕಿದ್ದೆ. ಅವಳ ಹಿಂದೆ ನಾಲ್ಕು ಸಲ ಹೊಳೆಬದಿ ಸುತ್ತಿದ ಮೇಲೆ, ಇದು ನಾನು ಪಾಠ ಮಾಡುವ ವಿಷಯಕ್ಕೇ ಸೇರಿದ ಪ್ರಶ್ನೆ ಅನ್ನಿಸಿತು.

ಸಾವಯವ ಇಂಗಾಲ ಎಂದರೆ ಒಮ್ಮೆ ಜೀವದ ಭಾಗವಾಗಿದ್ದ ಇಂಗಾಲ. ಎಲೆ, ಪಾಚಿ, ಮೀನಿನ ಕರುಳು, ಮನುಷ್ಯನ ಮಲ, ಅಡುಗೆಮನೆಯ ಗಂಜಿತೆಳಿ ಎಲ್ಲವೂ ಇದರಲ್ಲಿ ಬಂತು. ನೀರು ಸೇರಿದ ಇಂಗಾಲದ ಹೆಚ್ಚಿನ ಪಾಲು ಕೊಳೆತು ಮತ್ತೆ ಗಾಳಿಗೆ ಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ಹೂಳಿನಡಿ ಸಿಕ್ಕಿ ಉಳಿಯುತ್ತದೆ. ಜಗತ್ತಿನ ಕಡಲುಗಳಲ್ಲಿ ಹೀಗೆ ಹೂತುಹೋಗುವ ಇಂಗಾಲದಲ್ಲಿ ಶೇ. 80ಕ್ಕೂ ಹೆಚ್ಚಿನದು ಆಳದ ಸಾಗರದಲ್ಲಿಲ್ಲ, ನದಿ ಬಾಯಿಗಳಲ್ಲಿ ಮತ್ತು ಕರಾವಳಿಯ ಅಂಚಿನಲ್ಲಿದೆ ಎಂದು ಅಮೆರಿಕದ ಭೂರಸಾಯನ ವಿಜ್ಞಾನಿ ರಾಬರ್ಟ್ ಬರ್ನರ್ 1980ರ ದಶಕದಲ್ಲಿ ಲೆಕ್ಕ ಕೊಟ್ಟರು. ಮನುಷ್ಯ ಬಂದರು ಕಟ್ಟಿದ್ದು, ಊರು ಕಟ್ಟಿದ್ದು ಕೂಡ ಸರಿಯಾಗಿ ಅಲ್ಲೇ.

ಇನ್ನೊಂದು ಮಾತು. ಇಂಗಾಲ ಕೆಸರಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ಅಂಟಿಕೊಳ್ಳಲು ಜೇಡಿಯ ನುಣುಪು ಕಣ ಬೇಕು. ಕಣ ಸಣ್ಣದಾದಷ್ಟೂ ಒಟ್ಟು ಮೈ ಹೆಚ್ಚು, ಅಂಟಲು ಜಾಗ ಹೆಚ್ಚು. ದೊರಗು ಮರಳಿನಲ್ಲಿ ಅದು ನಿಲ್ಲುವುದಿಲ್ಲ. ಹಾಗಾಗಿ ಹೊಳೆ ಎಷ್ಟು ಕಸ ತಂದಿತು ಎಂಬುದರ ಜೊತೆಗೆ ಎಷ್ಟು ಜೇಡಿ ತಂದಿತು ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ನಾನು ಮರೆತಿದ್ದೆ.

ಮಂಗಳೂರಿನ ನಕ್ಷೆ ನೆನಪು ಮಾಡಿಕೊಳ್ಳಿ. ನೇತ್ರಾವತಿ ಪೂರ್ವದಿಂದ ಬರುತ್ತದೆ. ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ ಕಡಲ ಹತ್ತಿರ ಬಂದು, ದಕ್ಷಿಣಕ್ಕೆ ತಿರುಗಿ, ಬೆಂಗ್ರೆಯ ಮರಳುದಿಣ್ಣೆಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ಎರಡಕ್ಕೂ ಒಂದೇ ಅಳಿವೆಬಾಗಿಲು. ಹಳೆಯ ಬಂದರು, ದಕ್ಕೆ, ಹೊಯಿಗೆ ಬಜಾರ್, ಬೋಳಾರ, ಜೆಪ್ಪು ಎಲ್ಲ ಈ ನೀರಿನ ದಡದಲ್ಲೇ. ಹೊಯಿಗೆ ಅಂದರೆ ಮರಳು. ಊರಿನ ಒಂದು ಪೇಟೆಯ ಹೆಸರಲ್ಲೇ ಹೊಳೆಯ ಹೂಳು ಕೂತಿದೆ. ಇಲ್ಲಿ ಬೀಳುವ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು, ಅದರ ಮುಖ್ಯ ಪಾಲೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಘಟ್ಟದ ಎಲೆಕಸ, ಮುರಕಲ್ಲು ಗುಡ್ಡಗಳ ಕೆಂಪು ಮಣ್ಣು ಆ ನಾಲ್ಕು ತಿಂಗಳಲ್ಲಿ ಕೆಳಗೆ ಬರುತ್ತದೆ. ನವೆಂಬರಿನ ಮೇಲೆ ನೀರು ನಿಧಾನವಾಗಿ, ಕಡಲು ಒಳಗೆ ಬರುತ್ತದೆ. ಉಪ್ಪುನೀರು ತಾಗಿದಾಗ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗೆ ಕೂರುತ್ತವೆ. ಅಜ್ಜ ಹೊತ್ತದ್ದು ಇಂಥ ಸಾವಿರಾರು ಮಳೆಗಾಲಗಳು ಕೂಡಿಟ್ಟ ಮಣ್ಣನ್ನು.

ಮಂಗಳೂರು ಹಳೆಯ ಬಂದರಾದರೂ ಕಾಗದದಲ್ಲಿ ಅದು ಉಳಿಸಿಕೊಂಡದ್ದು ಕಡಿಮೆ. 12ನೇ ಶತಮಾನದಲ್ಲಿ ಟುನೀಸಿಯ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ, ಕಂಚಿನ ಪಾತ್ರೆಗಳ ಕಾರ್ಯಾಗಾರ ನಡೆಸಿದ. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಓದಿದವರಿಗೆ ಅವನೂ ಅವನ ಆಳು ಬೊಮ್ಮನೂ ಗೊತ್ತು. ಆದರೆ ಆ ಪತ್ರಗಳು ಸಿಕ್ಕಿದ್ದು ಕೈರೋದಲ್ಲಿ, ಒಂದು ಸಿನಗಾಗಿನ ಗೆನಿಜಾದಲ್ಲಿ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಎಸೆಯಬಾರದೆಂದು ಹಳೆಯ ಪತ್ರ, ಲೆಕ್ಕಚೀಟಿಗಳನ್ನೆಲ್ಲ ತುಂಬಿಡುತ್ತಿದ್ದ ಕೋಣೆ ಅದು. ನಮ್ಮಲ್ಲಿ ಅಂಥದ್ದೇನಾದರೂ ಇದ್ದಿದ್ದರೆ ಮಳೆಯೂ ಗೆದ್ದಲೂ ಸೇರಿ ಮುಗಿಸಿರುತ್ತಿದ್ದವು. ಬೇಡವೆಂದು ಎಸೆದದ್ದು ಎಸೆದ ಕ್ರಮದಲ್ಲೇ ಉಳಿದಿರುವುದಾದರೆ ಅದು ಹೊಳೆಯ ಕೆಸರಿನಲ್ಲಿ ಮಾತ್ರ.

ಆ ಕೆಸರನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬಗೆದದ್ದು ಹಂಚಿನವರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುದ್ರಣ, ನೇಯ್ಗೆಗಳ ಬಳಿಕ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಇಲ್ಲಿನ ಹೊಳೆಮಣ್ಣನ್ನು ಪರೀಕ್ಷಿಸಿ, ಹಂಚಿಗೆ ಒಗ್ಗುತ್ತದೆಂದು ಕಂಡುಕೊಂಡಿದ್ದ. ಮುಂದೆ ಬೋಳಾರ, ಹೊಯಿಗೆ ಬಜಾರ್, ಬೋಳೂರುಗಳಲ್ಲಿ ದೇಸಿ ಒಡೆತನದ ಕಾರ್ಖಾನೆಗಳೂ ಎದ್ದವು. ‘ಮಂಗಳೂರು ಹಂಚು’ ಕಡಲು ದಾಟಿ ಹೋಯಿತು. ಗದ್ದೆಗಳಲ್ಲಿ ಜೇಡಿ ತೆಗೆದ ಹೊಂಡಗಳು ಉಳಿದವು. ಭಟ್ಟಿಗೆ ಗಾಡಿಗಟ್ಟಲೆ ಸೌದೆ ಬಂತು.

ಇಂಗಾಲದ ಲೆಕ್ಕದಲ್ಲಿ ಇದನ್ನು ಹೀಗೆ ಓದಬಹುದು. ಹೊಳೆದಂಡೆಯಲ್ಲಿ ಹೂತಿದ್ದ ಹಳೆಯ ಇಂಗಾಲ ಭಟ್ಟಿಯಲ್ಲಿ ಹೊಗೆಯಾಗಿ ಗಾಳಿ ಸೇರಿತು. ಅದನ್ನು ಹಿಡಿದಿಡಬಲ್ಲ ಜೇಡಿ ದೇಶವಿದೇಶದ ಮಾಡುಗಳ ಮೇಲೆ ಹೋಗಿ ಕೂತಿತು. ಸೌದೆಯ ಇದ್ದಿಲು, ಮಸಿ ಮಾತ್ರ ತಿರುಗಿ ನೀರಿಗೆ ಬಂತು. ಇದ್ದಿಲಿನ ಇಂಗಾಲ ಸುಲಭಕ್ಕೆ ಕೊಳೆಯುವುದಿಲ್ಲ. ನಮ್ಮ ಊರಿನ ಮೊದಲ ದೊಡ್ಡ ಉದ್ದಿಮೆ ಕೆಸರಿಗೆ ಇಂಗಾಲ ತುಂಬಿತು ಎಂದು ನಾನು ಊಹಿಸಿದ್ದೆ. ಅದು ಕೊಟ್ಟದ್ದಕ್ಕಿಂತ ತೆಗೆದದ್ದೇ ಹೆಚ್ಚಿರಬೇಕು.

ಇನ್ನು ಮನುಷ್ಯರ ಲೆಕ್ಕ. 1901ರ ಜನಗಣತಿಯಲ್ಲಿ ಮಂಗಳೂರಿನ ಜನಸಂಖ್ಯೆ 44,108. 2011ರಲ್ಲಿ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸುಮಾರು 4 ಲಕ್ಷ 90 ಸಾವಿರ. ಸುರತ್ಕಲ್‌ ತನಕ ಊರಿನ ಗಡಿ ಬೆಳೆದದ್ದೂ ಇದರಲ್ಲಿ ಸೇರಿದೆ. ಈ ಹನ್ನೊಂದು ಪಟ್ಟಿನ ಅಂಕಿ ಹಿಡಿದುಕೊಂಡು ಹನ್ನೊಂದು ಪಟ್ಟು ಹೊಲಸು ಹೊಳೆಗೆ ಬಿತ್ತು ಎಂದು ಬರೆದುಬಿಡುವುದು ಸುಲಭ. ಆದರೆ 1901ರ ಮಂಗಳೂರಿನ ಮಲ ಹೊಳೆಗೆ ಹೋಗುತ್ತಿದ್ದದ್ದು ಕಡಿಮೆ. ಅದನ್ನು ಮನುಷ್ಯರೇ ಹೊರುತ್ತಿದ್ದರು.

ಈ ವಿಷಯಕ್ಕೆ ಬಂದಾಗ ಸುತ್ತಿ ಬಳಸಿ ಬರೆಯಬಾರದು. ಹಿತ್ತಿಲಿನ ಒಣ ಪಾಯಿಖಾನೆಗೆ ಹಿಂದಿನ ಓಣಿಯಿಂದ ಬಂದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲಿಟ್ಟು ಒಯ್ಯುವ ಕೆಲಸಕ್ಕೆ ಈ ಊರು ಕೊರಗರನ್ನೂ ಇತರ ದಲಿತ ಸಮುದಾಯಗಳವರನ್ನೂ ತಲೆಮಾರುಗಟ್ಟಲೆ ಹಚ್ಚಿತ್ತು. 1897ರಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ ತೆರೆದದ್ದು ಇಂಥ ಊರಿನಲ್ಲಿ. ಆ ಕಾಲದ ಊರುಗಳಲ್ಲಿ ಮಲ ಹೊರವಲಯದ ಗುಂಡಿಗೆ, ಅಲ್ಲಿಂದ ಗೊಬ್ಬರವಾಗಿ ತೋಟ ಗದ್ದೆಗಳಿಗೆ ಹೋಗುತ್ತಿತ್ತು. ಪರಿಸರದ ಪುಸ್ತಕಗಳು ಇದನ್ನು ಪೋಷಕಾಂಶಗಳ ಮರುಬಳಕೆ ಎಂದು ಮೆಚ್ಚಿ ಬರೆಯುತ್ತವೆ. ಬುಟ್ಟಿ ಯಾರ ತಲೆಯ ಮೇಲಿತ್ತು ಎಂದು ಬರೆಯುವುದಿಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಈ ರಾಜ್ಯದ ದೊಡ್ಡ ಕೆಲಸಗಳಲ್ಲೊಂದು. ಕೆಸರಿನಲ್ಲಿ ಅದರ ಗುರುತು ಬಿದ್ದಿದ್ದರೆ, ಇಂಗಾಲ ಹೆಚ್ಚಾದದ್ದು ಎಲ್ಲ ಸಂದರ್ಭದಲ್ಲೂ ಅವನತಿಯ ಗುರುತಲ್ಲ ಎಂದು ಒಪ್ಪಬೇಕು. ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ತಲೆಯಿಂದ ಇಳಿದ ಬುಟ್ಟಿಗೆ ಊರು ಬೇರೆ ದಾರಿ ತೋರಿಸಲಿಲ್ಲ, ನೀರಿಗೆ ಬಿಟ್ಟಿತು. ನೀರು ಸುರಿಯುವ ಪಾಯಿಖಾನೆ ಬಂತು, ಸೆಪ್ಟಿಕ್ ಟ್ಯಾಂಕು ಬಂತು, ಮಳೆನೀರಿಗೆಂದು ಇದ್ದ ತೋಡುಗಳು ವರ್ಷವಿಡೀ ಕಪ್ಪಾಗಿ ಹರಿಯತೊಡಗಿದವು. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕರಾವಳಿಯ ಊರುಗಳಿಗಾಗಿ ದೊಡ್ಡ ಯೋಜನೆ ಶುರುವಾಗಿ, ಮುಂದೆ ಕಾವೂರು, ಸುರತ್ಕಲ್, ಬಜಾಲ್, ಪಚ್ಚನಾಡಿಗಳಲ್ಲಿ ಶುದ್ಧೀಕರಣ ಘಟಕಗಳಾದವು. ತೋಡುಗಳು ಪೂರ್ತಿ ತಿಳಿಯಾದದ್ದನ್ನು ಈ ಊರಿನವನಾದ ನಾನಂತೂ ನೋಡಿಲ್ಲ.

ಇದು ನಮ್ಮೂರಿನ ವಿಶೇಷವೇನೂ ಅಲ್ಲ. ಪ್ಲೆಬ್ಸ್ಟ್ ಇಲ್ಲಿ ಮಣ್ಣು ಪರೀಕ್ಷಿಸುತ್ತಿದ್ದ ಸುಮಾರಿಗೇ ಲಂಡನ್ ಇದೇ ಗೊಂದಲದಲ್ಲಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ತಾಳಲಾರದೆ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗಿಬಿಟ್ಟರು. ಜೋಸೆಫ್ ಬಜಲ್ಗೆಟ್ ಕಟ್ಟಿದ ಭಾರೀ ಒಳಚರಂಡಿಗಳು ಕೊಳಚೆಯನ್ನು ನಗರದ ಕೆಳಗೆ ಬೆಕ್ಟನ್, ಕ್ರಾಸ್‌ನೆಸ್‌ಗಳಲ್ಲಿ ನದಿಗೆ ಬಿಟ್ಟವು. ಪಾರ್ಲಿಮೆಂಟಿನ ಮೂಗು ಉಳಿಯಿತು, ನದಿಯ ಬಾಯಿ ಕೆಟ್ಟಿತು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ಹಡಗು ಅಲ್ಲೇ ಹತ್ತಿರ ಡಿಕ್ಕಿಯಾಗಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತಾಗ, ಅವರು ಬಿದ್ದದ್ದು ನೀರಿಗೋ ಕೊಳಚೆಗೋ ಎಂಬ ಪ್ರಶ್ನೆ ಎದ್ದಿತು. ಆಮೇಲೆ ಕೊಳಚೆಯ ಗಸಿಯನ್ನು ಬೇರ್ಪಡಿಸಿ, 1887ರಿಂದ ಹಡಗುಗಳಲ್ಲಿ ತುಂಬಿ ಥೇಮ್ಸಿನ ಬಾಯಿಯಾಚೆ ಸಮುದ್ರಕ್ಕೆ ಸುರಿದರು. ಅದು ನಿಂತದ್ದು 1998ರಲ್ಲಿ. ನೂರ ಹನ್ನೊಂದು ವರ್ಷ ಒಂದು ನಗರದ ಇಂಗಾಲ ಹಡಗು ಹತ್ತಿ ಹೋಗಿ ಕಡಲ ತಳ ಸೇರಿತು. ಲಂಡನ್ನಿಗೆ ಇದರ ದಾಖಲೆಗಳಿವೆ, ಹಡಗುಗಳ ಹೆಸರೂ ಇವೆ. ನಮ್ಮ ತೋಡಿಗೆ ಲೆಕ್ಕಪುಸ್ತಕವಿಲ್ಲ. ಆದ್ದರಿಂದ ಕೊಳವೆ ಹಿಡಿದು ಹೊಳೆಗೆ ಇಳಿಯಬೇಕಾಯಿತು.

ಇಳಿದದ್ದು ಬೋಳೂರಿನಲ್ಲಿ, ಟಿಪ್ಪು ಕಾಲದ ಸುಲ್ತಾನ್ ಬತ್ತೇರಿಯಿಂದ ಸ್ವಲ್ಪ ದೂರ. ಗುರುಪುರ ನದಿಗೆ ಶತ್ರುವಿನ ಹಡಗು ನುಗ್ಗದಂತೆ ಕಾಯಲು ಕಟ್ಟಿದ ಕಪ್ಪುಕಲ್ಲಿನ ಬುರುಜು ಅದು. ಡಿಸೆಂಬರಿನ ಬೆಳಗು, ಇಳಿತದ ಹೊತ್ತು. ವಿದ್ಯಾರ್ಥಿನಿ ಮೊಣಕಾಲಿನ ತನಕ ಕೆಸರಲ್ಲಿ ನಿಂತು ಪಿವಿಸಿ ಕೊಳವೆಯನ್ನು ತಿರುಪುತ್ತ ಒತ್ತಿದಳು, ಮೇಲ್ಬಾಯಿ ಮುಚ್ಚಿ ಎಳೆದಳು. ಮರುವಾಯಿ ಹೆಕ್ಕುತ್ತಿದ್ದ ಹೆಂಗಸೊಬ್ಬರು ಬುಟ್ಟಿ ಕೆಳಗಿಟ್ಟು ಕೇಳಿದರು: “ಎಂತ ಮಾರಾಯ್ತಿ, ಅದರೊಳಗೆ ಚಿನ್ನ ಉಂಟಾ?”

“ಇಲ್ಲಕ್ಕಾ, ಕೆಸರೇ.”

“ಅಷ್ಟಕ್ಕೆ ಇಷ್ಟು ಓದಬೇಕಾ!”

ದಡದಲ್ಲಿ ಕೊಳವೆ ಸೀಳಿ ಬಿಡಿಸಿದೆವು. ಮೇಲೆ ಉಗುರಿನಷ್ಟು ದಪ್ಪ ಕಂದು ಪದರ. ಅದರಡಿ ಬೆಣ್ಣೆಯಂತೆ ನುಣುಪಾದ ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ನಡುವೆ ಒಂದು ನೀಲಿ ಪ್ಲಾಸ್ಟಿಕ್ ಎಳೆ. ಇನ್ನೂ ಕೆಳಗೆ ಗಟ್ಟಿ ಬೂದುಮಣ್ಣು, ಚಿಪ್ಪುಗಳು, ಇದ್ದಿಲಿನ ಚೂರು. ಮೇಲಿನ ಕಪ್ಪೇ ಊರಿನ ಇಂಗಾಲ ಎಂದು ನಾನು ತೀರ್ಪು ಕೊಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಗಾಳಿಗೆ ಆ ಕಪ್ಪು ಕಂದಾಗಿತ್ತು! ಇಂಗಾಲದ ಬಣ್ಣವಾಗಿದ್ದರೆ ಹೀಗೆ ಮಾಯವಾಗುತ್ತಿರಲಿಲ್ಲ. ಕೆಸರಿನಲ್ಲಿ ಕೊಳೆಯುವ ಪದಾರ್ಥ ಹೆಚ್ಚಾದಾಗ ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಅದರಡಿಯ ಬ್ಯಾಕ್ಟೀರಿಯಾಗಳು ಕಡಲನೀರಿನ ಸಲ್ಫೇಟನ್ನು ಬಳಸಿ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಮೊಟ್ಟೆಯ ವಾಸನೆ ಅದರದ್ದು. ಅದು ಮಣ್ಣಿನ ಕಬ್ಬಿಣದ ಜೊತೆ ಸೇರಿದರೆ ಕಪ್ಪು. ನಾನು ಕಂಡದ್ದು ಇಂಗಾಲವನ್ನಲ್ಲ, ಅದು ಕೊಳೆಯುತ್ತಿರುವುದರ ಪರಿಣಾಮವನ್ನು.

ಪದರಗಳ ಕಾಲ ಹೇಳುವುದು ಸೀಸ-210. ನೆಲದಿಂದ ಗಾಳಿಗೆ ಸೋರುವ ರೇಡಾನ್ ಅನಿಲದಿಂದ ಇದು ಹುಟ್ಟಿ, ಮಳೆಯೊಡನೆ ಇಳಿದು ಕೆಸರಿನಲ್ಲಿ ಕೂರುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ನೂರು, ನೂರೈವತ್ತು ವರ್ಷದ ಹಿಂದಿನ ತನಕ ಲೆಕ್ಕ ಸಿಗುತ್ತದೆ. ಎಡ್ವರ್ಡ್ ಗೋಲ್ಡ್‌ಬರ್ಗ್ 1963ರಲ್ಲಿ ಸೂಚಿಸಿದ ಈ ವಿಧಾನವನ್ನು ಸರೋವರದ ಹೂಳಿಗೆ ಹೊಂದಿಸಿ 1971ರಲ್ಲಿ ತೋರಿಸಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ, ದೇವೇಂದ್ರ ಲಾಲ್ ಮತ್ತು ಅವರ ಫ್ರೆಂಚ್ ಸಹೋದ್ಯೋಗಿಗಳು. ಇಂದು ಜಗತ್ತಿನ ಯಾವ ಕರಾವಳಿಯಲ್ಲೇ ಕೊಳವೆ ಇಳಿಸಿದರೂ ಆ ಕೆಲಸದ ಋಣ ಇದೆ. ಆ ನೂರೈವತ್ತು ವರ್ಷ ಎಂದರೆ ಹೆಚ್ಚುಕಡಿಮೆ ಜೆಪ್ಪುವಿನ ಮೊದಲ ಭಟ್ಟಿಯಿಂದ ಇವತ್ತಿನವರೆಗೆ, ನಮ್ಮ ಊರು ನಗರವಾದ ಅಷ್ಟೂ ಕಾಲ.

ಆದರೆ ಈ ಕಡತದ ಹಾಳೆಗಳು ಕದಡಿರುತ್ತವೆ. ಏಡಿ ಬಿಲ ತೋಡುತ್ತದೆ. 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳದ ಹಿರಿಯರು ಈಗಲೂ ಹೇಳುತ್ತಾರೆ. ಅಂಥ ನೆರೆ ಒಂದೇ ರಾತ್ರಿಯಲ್ಲಿ ದಶಕಗಳ ಪದರ ಕಿತ್ತು ಕಡಲಿಗೆ ಒಯ್ಯಬಲ್ಲದು. ಒಂದು ಕೊಳವೆ ನೋಡಿ ಊರಿನ ಚರಿತ್ರೆ ಬರೆಯುವುದು ಒಬ್ಬ ಅಜ್ಜನ ಮಾತು ಕೇಳಿ ಬರೆದ ಹಾಗೆ. ಇನ್ನೂ ನಾಲ್ಕು ಜನರನ್ನು ಕೇಳಬೇಕು.

ಇಂಗಾಲ ಯಾರದ್ದು ಎಂದು ಹೇಳುವ ಸಾಕ್ಷಿಗಳೂ ಇವೆ. ನೀರಿನ ಪಾಚಿಯಲ್ಲಿ ಸಾರಜನಕದ ಒಂದು ಪರಮಾಣುವಿಗೆ ಇಂಗಾಲದ ಏಳರಷ್ಟು ಇರುತ್ತವೆ. ನೆಲದ ಮರಗಳ ಎಲೆ ಕಾಂಡಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಈ ಅನುಪಾತ ನೋಡಿ ಘಟ್ಟದ್ದೋ ಕಡಲಿನದ್ದೋ ಎಂದು ಅಂದಾಜಿಸಬಹುದು. ಊರಿನ ಕೊಳಚೆ ಎರಡರ ನಡುವೆಯೂ ತೂರಿಕೊಂಡು ಸಾಕ್ಷಿಯನ್ನೇ ಕೆಡಿಸುತ್ತದೆ. ಅದಕ್ಕೆ ಬೇರೆ ಪತ್ತೇದಾರನಿದ್ದಾನೆ: ಕೋಪ್ರಸ್ಟನಾಲ್. ಕೊಲೆಸ್ಟ್ರಾಲನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಬದಲಿಸಿದಾಗ ಆಗುವ ವಸ್ತು. ಗಾಳಿಯಾಡದ ಕೆಸರಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕೆಸರಿನ ಪದರಪದರದಲ್ಲಿ ಇದನ್ನು ಅಳೆದರೆ, ಒಂದು ಊರು ತನ್ನ ಮಲವನ್ನು ಯಾವ ಕಾಲದಿಂದ ನೀರಿಗೆ ಬಿಟ್ಟಿತು ಎಂದು ಪುರಸಭೆಯ ಕಡತ ಇಲ್ಲದೆಯೂ ಹೇಳಬಹುದು. ನನ್ನ ವೃತ್ತಿಯವರು ಇಂಥ ದಾಖಲೆಗೆ ಏನೂ ಕೊಟ್ಟಾರು.

ಈಗ ಮರೆತಿದ್ದ ಜೇಡಿಗೆ ಬರುತ್ತೇನೆ. ಕೆಸರಿನ ಇಂಗಾಲವನ್ನು ನಾವು ಶೇಕಡಾ ಲೆಕ್ಕದಲ್ಲಿ ಹೇಳುತ್ತೇವೆ. ಆ ಅಂಕಿ ಏರಲು ಎರಡು ಕಾರಣ ಇರಬಹುದು. ಇಂಗಾಲ ಹೆಚ್ಚು ಬರಬಹುದು, ಇಲ್ಲವೇ ಅದರ ಜೊತೆ ಬರುವ ಮಣ್ಣು ಕಡಿಮೆಯಾಗಬಹುದು. ಗಂಜಿಗೆ ನೀರು ಕಡಿಮೆ ಹಾಕಿದರೆ ಅಕ್ಕಿ ಹೆಚ್ಚಾದಂತೆ ಕಾಣುವ ಹಾಗೆ. ಮಂಗಳೂರಿಗೆ ಕುಡಿಯುವ ನೀರು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಮಳೆ ಕಳೆದ ಮೇಲೆ ಬಾಗಿಲು ಹಾಕಿದರೆ ಹೊಳೆಯ ತೆಳು ಹೂಳು ಮೇಲೆಯೇ ನಿಲ್ಲುತ್ತದೆ. ಕೆಳಗೆ ಮರಳು ತೆಗೆಯುವವರು ತಳವನ್ನು ಆಳ ಮಾಡಿ ಹರಿವಿನ ದಾರಿಯನ್ನೇ ಬದಲಿಸುತ್ತಾರೆ. ಬಂದರಿನ ಕಡೆ ಡ್ರೆಜರ್. ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರೆಂದು ಘೋಷಣೆಯಾದದ್ದು 1974ರ ಮೇ 4ರಂದು. ಅಗೆದೇ ಮಾಡಿದ ಬಂದರು ಅದು, ಅದರ ಕಾಲುವೆಯ ಹೂಳು ತೆಗೆಯುತ್ತಲೇ ಇರಬೇಕು. ಹೂಳೆತ್ತುವಾಗ ಕತ್ತಲಲ್ಲಿ ಕೂತಿದ್ದ ಇಂಗಾಲ ಮತ್ತೆ ಆಮ್ಲಜನಕಕ್ಕೆ ಸಿಕ್ಕಿ ಕೊಳೆಯಲು ಶುರುಮಾಡುತ್ತದೆ. ತಳ ಕೆರೆದು ಸಾಗುವ ಟ್ರಾಲ್ ಬಲೆಗಳೂ ಇದನ್ನೇ ಮಾಡುತ್ತವೆ. ದಂಡೆಯ ಕಾಂಡ್ಲಾ ಗಿಡಗಳ ಜಾಗಕ್ಕೆ ಮಣ್ಣು ತುಂಬಿ ಸೈಟು ಮಾಡಿದಲ್ಲಿ ಬೇರಿನಡಿಯ ಹಳೆಯ ಉಗ್ರಾಣವೂ ಹೋಯಿತು.

ಹೀಗೆ ಊರು ಬೆಳೆದಂತೆ ಕೆಸರಿನ ಅಂಕಿ ಒಂದೆಡೆ ಏರಿ ಇನ್ನೊಂದೆಡೆ ಇಳಿಯಬಹುದು. ಬದಲಾಗಿರುವುದು ಇಂಗಾಲದ ಜಾತಿ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಘಟ್ಟದಿಂದ ಬಂದ ಎಲೆಯ ಇಂಗಾಲ ನಾರು ನಾರಾಗಿ, ದಾರಿಯಲ್ಲೇ ಅರ್ಧ ಕೊಳೆತು, ಜೇಡಿಗೆ ಅಂಟಿ ಬರುತ್ತಿತ್ತು. ಉಳಿದದ್ದು ನಿಧಾನವಾಗಿ ಹೂತುಹೋಗುತ್ತಿತ್ತು. ಕೊಳಚೆಯ ಇಂಗಾಲ ಎಳೆಯದು, ಬ್ಯಾಕ್ಟೀರಿಯಾಗಳಿಗೆ ಕಲಸಿಟ್ಟ ತುತ್ತು. ಕೂಡಲೇ ಕೊಳೆಯುತ್ತದೆ, ಕೊಳೆಯುತ್ತ ನೀರಿನ ಆಮ್ಲಜನಕ ಮುಗಿಸುತ್ತದೆ. ಕೊಳಚೆಯ ಸಾರಜನಕ, ರಂಜಕಗಳು ಗೊಬ್ಬರವಾಗಿ ಪಾಚಿ ಬೆಳೆಸುತ್ತವೆ, ಆ ಪಾಚಿ ಸತ್ತು ಇನ್ನೊಂದು ಕಂತು ಇಂಗಾಲವಾಗಿ ತಳ ಸೇರುತ್ತದೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಮಂದಾರದ ಕಡೆ ಜಾರಿ ಮನೆ ತೋಟಗಳನ್ನು ಮುಚ್ಚಿತಲ್ಲ, ಅದರ ಕಪ್ಪು ನೀರು ಹೊರಟದ್ದೂ ಫಲ್ಗುಣಿಯತ್ತಲೇ.

ಅಳಿವೆಯಾಚೆ ಕಾದಿರುವ ಕಡಲೂ ಆರಾಮವಾಗಿಲ್ಲ. ಮಳೆಗಾಲದ ಕೊನೆಗೆ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ನಮ್ಮ ಪಶ್ಚಿಮ ಕರಾವಳಿಯ ತಳಕ್ಕೆ ಹತ್ತುತ್ತದೆ. ಇದು ಪ್ರಕೃತಿಯದ್ದೇ ವ್ಯವಹಾರ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಈ ಉಸಿರುಗಟ್ಟು ಹೆಚ್ಚುತ್ತಿದೆ, ನೆಲದಿಂದ ಹೋಗುವ ಸಾರಜನಕ ಅದಕ್ಕೆ ಕೈಜೋಡಿಸಿರಬಹುದು ಎಂದು ಬರೆದರು. ಮೊದಲೇ ಏದುಸಿರು ಬಿಡುವವನ ಮನೆಗೆ ನಾವು ಹೊಗೆ ಹಾಕುತ್ತಿದ್ದೇವೆ ಎಂದಾಯಿತು.

ಈಗೀಗ ಕರಾವಳಿಯ ಕೆಸರಿಗೆ ‘ನೀಲಿ ಇಂಗಾಲ’ ಎಂಬ ಗೌರವದ ಹೆಸರು ಬಂದಿದೆ. ಕಾಂಡ್ಲಾ ಕಾಡಿನ ಕೆಸರು ಇಂಗಾಲವನ್ನು ಶತಮಾನಗಟ್ಟಲೆ ಹಿಡಿದಿಡುತ್ತದೆ ಎನ್ನುವುದು ನಿಜ, ಅದನ್ನು ಉಳಿಸಲೇಬೇಕು. ನನ್ನ ಹೆದರಿಕೆ ಲೆಕ್ಕ ಬರೆಯುವವರ ಬಗ್ಗೆ. ಕೆಸರಿನಲ್ಲಿ ಇಂಗಾಲ ಎಷ್ಟು ಎಂದಷ್ಟೇ ಕೇಳಿ, ಯಾರದ್ದು, ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳದಿದ್ದರೆ, ತೋಡಿನ ಬಾಯಿಯ ರಾಡಿಯೂ ಜಮಾ ಖಾತೆಯಲ್ಲಿ ಕಾಣಿಸಿಕೊಂಡೀತು. ಲೆಕ್ಕಪತ್ರದಲ್ಲಿ ಅದು ಸಂಪತ್ತು, ಮರುವಾಯಿಗೆ ಅದು ಸಾವು. ಚಿಪ್ಪಿನ ಪ್ರಾಣಿ ಕೂತಲ್ಲೇ ಕೂರುವಂಥದ್ದು, ತಳದ ಉಸಿರು ನಿಂತರೆ ಮೀನಿನ ಹಾಗೆ ಓಡಿ ಹೋಗಲಾರದು.

ಆ ದಿನ ಮರುವಾಯಿ ಹೆಕ್ಕುತ್ತಿದ್ದ ಅಕ್ಕ ಹೊರಡುವಾಗ ನಮ್ಮ ಕಡೆ ಬಂದರು. ಸೀಳಿದ ಕೊಳವೆಯ ಮೇಲೆ ಬಗ್ಗಿ, ಕೆಳಗಿನ ಬೂದುಮಣ್ಣಿನ ಚಿಪ್ಪುಗಳನ್ನು ಬೆರಳಲ್ಲಿ ಮುಟ್ಟಿದರು. “ಇದು ದೊಡ್ಡ ಜಾತಿಯದ್ದು. ನನ್ನ ಅಮ್ಮ ಇಲ್ಲೇ ಹೆಕ್ಕುತ್ತಿದ್ದರು” ಅಂದರು. ಅವರ ಬುಟ್ಟಿಯಲ್ಲಿ ತಳ ಮುಚ್ಚುವಷ್ಟಿತ್ತು. ನಾಳೆಯಿಂದ ಉಳ್ಳಾಲದ ಕಡೆಗೆ ಹೋಗಿ ನೋಡುತ್ತೇನೆ ಎಂದರು.

ವಿದ್ಯಾರ್ಥಿನಿ ಕೊಳವೆಯ ಮಣ್ಣನ್ನು ಎರಡೆರಡು ಸೆಂಟಿಮೀಟರಿಗೆ ಕತ್ತರಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಆಳದ ಅಂಕಿ ಬರೆದಳು. ಮರುವಾರ ಮನೆಗೆ ಬಂದವಳು ಕಿಟಕಿಯ ಮೇಲಿದ್ದ ಹಂಚಿನ ಹೋಳು ನೋಡಿ, ಆ ಕಪ್ಪು ಗೆರೆಯನ್ನು ಕೆರೆದು ಪುಡಿಮಾಡಿ ಅಳೆಯಬಹುದೇ ಸರ್ ಎಂದು ಕೇಳಿದಳು. ಭಟ್ಟಿಗೆ ಹೋಗುವ ಮೊದಲು ಆ ಮಣ್ಣಲ್ಲಿ ಎಷ್ಟಿತ್ತು ಎಂದು ಹೇಳಲಾಗುವುದಿಲ್ಲ, ಆದರೂ ಏನು ಉಳಿದಿದೆ ನೋಡೋಣ ಅಂದಳು. ಎರಡು ಹೋಳಿನಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ.